ಸಿಇಟಿಗೋಸ್ಕರ ಬೆಲ್ ಕಿತ್ತಿದ್ದು

ನಮ್ಮನೆಯವಳು ಸುಮಾನ ವಿಷಯ ನಾಲ್ಕು ಜನಕ್ಕೆ ಹೇಳ್ಲೇಬೇಕು. ಯಾಕಂದ್ರೆ ಮಗಳು ಧರಣಿಗೆ ಸಿಇಟೀಲಿ ಸೀಟು ಸಿಕ್ಕಿದ್ದು ಇವಳ ಬಾಯಿಂದ. ಬೀದಿಯೋರೆಲ್ಲ ನನಗೆ ಶಭಾಷ್ ಅಂತಾರೆ. ನಾನು ಮಾಡಿದ್ದು ಬೇಳೆ ಸೀಯಿಸಿದ್ದು, ಅಷ್ಟೇ!

ನಾನು ಕಡಕೊಳದ ನೂಲಿನ ಫ್ಯಾಕ್ಟರೀಲಿ ಮಿಷಿನ್ ನೋಡ್ಕೊಳ್ಳೋನು, ಮನೆ ಬೆಟ್ಟದ ಪಾದದ ಹತ್ರ. ಓದಿದ್ದು ಐದನೇ ಕ್ಲಾಸು. ಮಿಷಿನ್ ಸದ್ದಲ್ಲಿ ಮಾತು ಕೇಳಲ್ಲ, ಎಲ್ಲ ಕೈಸನ್ನೆ. ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಎದೆ ತಟ್ಕೊಂಡು ಹೇಳ್ಬುಟ್ಟೆ: "ಇವತ್ತಿಂದ ಈ ಮನೇಲಿ ಸದ್ದು ಬಂದ್! ಫ್ಯಾಕ್ಟರಿ ಥರ ಕೈಸನ್ನೆ ಮಾತ್ರ!"

"ರೀ, ನಾನು ಬಾಯಿ ಮುಚ್ಕೊಂಡ್ರೆ ಉಸಿರಾಡೋದು ಎಂಗೆ?" ಅಂದ್ಲು ಸುಮಾ.

"ಮೂಗು ಯಾಕೆ ಕೊಟ್ಟವ್ನೆ ದೇವ್ರು?"

ಅವಳಿಗೆ ಎದ್ದಾಗಿಂದ ಮಲಗೋವರೆಗೂ ಮಾತೇ. ನಲ್ಲಿ ಜೊತೆ, ಬೆಕ್ಕಿನ ಜೊತೆ, ಉಕ್ಕೋ ಹಾಲಿನ ಜೊತೆ. ಮಗಳ ಸಲುವಾಗಿ ಬಾಯಿಗೆ ಸೆರಗು ಇಟ್ಕೊಂಡ್ಲು ಪಾಪ. ನಾನು ಟೀವಿ ವೈರ್ ಬಿಚ್ಚಿದೆ, ಬೆಲ್ ಕಿತ್ತಾಕ್ದೆ, ಬಾಗಿಲಿಗೆಲ್ಲ ಎಣ್ಣೆ ಬಿಟ್ಟೆ. ಕೊನೆಗೆ ಕುಕ್ಕರಿನ ವಿಷಲ್ಲೂ ತೆಗೆದು ಜೇಬಿಗೆ ಹಾಕ್ಕೊಂಡೆ!

ಎಂಟನೇ ದಿನ ವಿಷಲ್ ಇಲ್ಲದ ಕುಕ್ಕರಲ್ಲಿ ಬೇಳೆ ಒಲೆ ಮೇಲಿತ್ತು, ಕಾಯ್ತಿದ್ದೋನು ನಾನು. ಸುಮಾ ಹಿತ್ತಲಲ್ಲಿ ಪಾತ್ರೆ ತಿಕ್ತಿದ್ಲು. ಹತ್ತಿ ಧೂಳಿಗೆ ನನ್ನ ಮೂಗು ಸತ್ತು ಎಷ್ಟೋ ವರ್ಷ ಆಯ್ತು. ಸೀದ ವಾಸ್ನೆ ಅವಳಿಗೆ ಬಂತು. ಸ್ಟೌ ಗುಂಡಿ ತಿರುಗಿಸಿ ಆರಿಸ್ರೀ ಅಂತ ಸೋಪಿನ ಕೈ ಗಿರಗಿರ ತಿರುಗಿಸಿದ್ಲು. ಫ್ಯಾಕ್ಟರೀಲಿ ಕೈ ತಿರುಗಿಸಿದ್ರೆ 'ಮಿಷಿನ್ ಜೋರಾಗಿ ಓಡ್ಸು' ಅಂತ! ನಾನು ಉರಿ ಜೋರು ಮಾಡಿ ಹೆಬ್ಬೆರಳು ತೋರಿಸ್ದೆ.

ಮನೆ ತುಂಬ ಹೊಗೆ! "ಧರಣಿ!" ಅಂತ ರೂಮಿಗೆ ನುಗ್ಗಿದ್ರೆ ಮಗಳೇ ಇಲ್ಲ. ಎಣ್ಣೆ ಬಿಟ್ಟ ಬಾಗಿಲು ನೋಡಿ, ಹೋಗಿದ್ದು ಯಾರಿಗೂ ಕೇಳಿಸಿಲ್ಲ. ಪರೀಕ್ಷೆಗೆ ಹನ್ನೆರಡು ದಿನ ಇದೆ, ಹುಡುಗಿ ನಾಪತ್ತೆ!

ಸಿಕ್ಕಿದ್ದು ಪಕ್ಕದ ಬೀರಮ್ಮನ ಹಿಟ್ಟಿನ ಮಿಲ್ಲಲ್ಲಿ. ರಾಗಿ ಮೂಟೆ ಮೇಲೆ ಕೂತವಳೆ, ತಲೆ ತುಂಬ ಹಿಟ್ಟು, ಕೈಲಿ ಬುಕ್ಕು.

"ದಿನಾ ಬತ್ತಾಳೆ ಕಣಣ್ಣ, ಮಿಷಿನ್ ನಿಲ್ಲಿಸ್ಬೇಡಿ ಅಂತಾಳೆ" ಅಂದ್ಲು ಬೀರಮ್ಮ.

"ಅಪ್ಪಾ, ಮನೆ ಸುಮ್ನಿದ್ರೆ ಯಾರೋ ಸತ್ತಂಗಿರುತ್ತೆ. ಒಂದಕ್ಷರ ತಲೆಗೆ ಹೋಗಲ್ಲ. ನಾನು ಒಂದನೇ ಕ್ಲಾಸಿಂದ ಅಮ್ಮನ ಮಾತು ಕೇಳ್ಕೊಂಡೇ ಓದಿರೋದು!"

ನನ್ನ ಹಿಂದೇ ಓಡಿ ಬಂದಿದ್ದ ಸುಮಾ ಬಾಯಿಗಿಟ್ಟ ಸೆರಗು ಬಿಟ್ಲು. ಎಂಟು ದಿನದ ಮಾತು ಒಟ್ಟಿಗೆ ಬಂತು, ಎಲ್ಲ ನನ್ನ ಮೇಲೆ! ಹನ್ನೆರಡು ದಿನ ಅವಳು ಮಾತಾಡಿದ್ಲು, ಮಗಳು ಓದಿದ್ಲು.

ಹಾಸನದಲ್ಲಿ ದನದ ಡಾಕ್ಟ್ರು ಓದಕ್ಕೆ ಸೀಟು ಸಿಕ್ತು. ಹಾಸ್ಟೆಲ್ಲು. ಸಂಜೆ ಫೋನ್ ಮಾಡ್ತಾಳೆ: "ಅಮ್ಮ, ಫೋನು ಒಲೆ ಪಕ್ಕ ಇಟ್ಬುಟ್ಟು ಮಾತಾಡ್ತಿರು, ಓದ್ಕೋತೀನಿ." ಆ ಒಂದು ಗಂಟೆ ಮನೆ ಮನೆಯಾಗಿರುತ್ತೆ. ಫೋನ್ ಇಟ್ಮೇಲೆ ಸುಮಾ ಬಾಯಿ ತೆಗೀತಾಳೆ, ಮಗಳ ರೂಮ್ ಕಡೆ ನೋಡ್ತಾಳೆ, ಮುಚ್ಕೋತಾಳೆ. ಹಾಲು ಉಕ್ಕಿದ್ರೂ ಬಯ್ಯಲ್ಲ. ನಾನೇ ಮಾತಾಡೋಣ ಅಂತ "ಇವತ್ತು ಬಿಸ್ಲು ಜಾಸ್ತಿ" ಅಂದ್ರೆ, "ಯಾಕ್ರೀ, ಹುಷಾರಿಲ್ವಾ?" ಅಂತ ಹಣೆ ಮುಟ್ಟಿ ನೋಡ್ತಾಳೆ!

ಅದಕ್ಕೇ ಕೇಳ್ಕೋತೀನಿ. ಬೆಟ್ಟದ ಮೆಟ್ಲು ಹತ್ತಕ್ಕೆ ಬಂದಾಗ ಒಂದ್ಸಲ ನಮ್ಮನೆಗೆ ಹೋಗಿ, ಅವಳನ್ನ ಮಾತಾಡ್ಸಿ. ಪಾದದಿಂದ ಎರಡನೇ ಬೀದಿ, ಹಿಟ್ಟಿನ ಮಿಲ್ ಪಕ್ಕ. ಬೆಲ್ ಹುಡುಕ್ಬೇಡಿ, ಕಿತ್ತೋನು ನಾನೇ, ಇನ್ನೂ ಹಾಕಿಲ್ಲ. ಕೂಗಿ. ಜೋರಾಗೇ ಕೂಗಿ.