ಮೊದಲ ತುತ್ತು ಮಾವನದು

ನಮ್ಮ ಸೋದರಮಾವ ನಾಯಿ ಊಟ ತಿನ್ನುತ್ತಾರೆ. ಬೈಗುಳವಲ್ಲ, ಕಣ್ಣಾರೆ ಕಂಡಿದ್ದು.

ಜಕ್ಕೂರಿನ ಅವರ ಮನೆಯಲ್ಲಿ ಕರಿಯ ಅಂತ ಒಂದು ನಾಯಿ. ಉಪ್ಪು ಖಾರವಿಲ್ಲದ ಕೋಳಿ ಅನ್ನ ಮಾಡಿ, ಮೊದಲ ತುತ್ತನ್ನು ಮಾವ ತಾವೇ ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, "ಹೂಂ" ಅಂದಮೇಲೇ ತಟ್ಟೆ ಕರಿಯನ ಮುಂದೆ ಇಳಿಯುವುದು.

ಒಮ್ಮೆ ತಣಿಸಂದ್ರದ ಅಂಗಡಿಯಲ್ಲಿ ನಾಯಿ ಬಿಸ್ಕತ್ತು ಕಡಿದೇಬಿಟ್ಟರು.

"ಸಾರ್, ಅದು ನಾಯಿಗೆ," ಅಂಗಡಿಯವನು ಗಾಬರಿಯಾದ.

"ಗೊತ್ತು ಕಣಪ್ಪ. ನಾಯಿಗೂ ನಾಲ್ಗೆ ಐತೆ. ಇದು ಬೂಸಾ ಇದ್ದಂಗೈತೆ. ನೀನ್ ತಿಂದಿದ್ಯಾ?"

"ಇಲ್ಲ ಸಾರ್."

"ರುಚಿ ನೋಡ್ದೆ ಮಾರ್ತೀಯಾ?"

ಈ ಮನುಷ್ಯ ಯಾರೋ ಗೊತ್ತಿಲ್ಲ ಅನ್ನುವಂತೆ ನಾನು ಬೆಕ್ಕಿನ ಬೆಲ್ಟು ನೋಡುತ್ತ ನಿಂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ವೆಲ್ಡಿಂಗ್ ಕಲಿತು, ಸ್ವಂತ ಶೆಡ್ಡು ಹಾಕಿದವನು ನಾನು. ನನಗೂ ಒಂದು ಮರ್ಯಾದೆ ಬೇಡವೇ? ಅಷ್ಟರಲ್ಲಿ ಮಾವ ಕೂಗಿದರು: "ಅಳಿಯಾ, ನೀನೂ ಒಂಚೂರು ಕಡ್ದು ನೋಡು."

ಹೋದ ತಿಂಗಳು ಅವರಿಗೆ ಹೊಟ್ಟೆ ಆಪರೇಷನ್ ಆಯಿತು. ಹೆಂಡತಿ ಮಕ್ಕಳಿಲ್ಲದ ಮನುಷ್ಯ, ಕರಿಯನ ಜವಾಬ್ದಾರಿ ನನ್ನ ಮೇಲೆ ಬಿತ್ತು. ಅದೇ ಕೋಳಿ ಅನ್ನ ಮಾಡಿ ಇಟ್ಟೆ. ಕರಿಯ ಮೂಸಿದ, ನನ್ನ ಮುಖ ನೋಡಿದ, ಸುಮ್ಮನೆ ಕೂತ. ಮಾರನೆಯ ದಿನವೂ ಮುಟ್ಟಲಿಲ್ಲ. ಹೆಬ್ಬಾಳದಲ್ಲಿ ಪಶುವೈದ್ಯರಿಗೆ ತೋರಿಸಿದೆ. ರೋಗವೇನಿಲ್ಲ, ಆದರೆ ಹೇಗಾದರೂ ತಿನ್ನಿಸಿ ಅಂದರು.

ಆಸ್ಪತ್ರೆಗೆ ಹೋದರೆ ಅಲ್ಲೂ ಅದೇ ಕಥೆ. ಮಾವ ಗಂಜಿ ಬಟ್ಟಲು ತಳ್ಳಿ ಗೋಡೆ ಕಡೆ ತಿರುಗಿ ಮಲಗಿದ್ದರು. ತಿನ್ನದಿದ್ದರೆ ಚೇತರಿಸಿಕೊಳ್ಳುವುದು ಹೇಗೆ ಎಂದು ನರ್ಸ್ ನನ್ನನ್ನು ಗದರಿದರು.

"ಬಾಯಿಗೆ ಓಗ್ತಿಲ್ಲ ಅಳಿಯ," ಅಂದರು ಮಾವ. "ಕರಿಯ ತಿಂದ್ನಾ?"

"ಇಲ್ಲ ಮಾವ. ಮುಖ ನೋಡ್ಕೊಂಡು ಕೂತಿರ್ತಾನೆ."

"ನೀನ್ ರುಚಿ ನೋಡಿದ್ಯಾ?"

ನಾನು ಗಂಜಿ ಬಟ್ಟಲು ಪಕ್ಕಕ್ಕಿಟ್ಟು ಎದ್ದೆ.

ವಾಪಸ್ ಬಂದು ಅನ್ನ ಬಿಸಿ ಮಾಡಿದೆ. ಗೇಟಿಗೆ ಚಿಲಕ ಹಾಕಿ, ಕಾಂಪೌಂಡಿನ ಆಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕರಿಯನ ಎದುರು ಕುಕ್ಕರಗಾಲಲ್ಲಿ ಕೂತು ಒಂದು ತುತ್ತು ಬಾಯಿಗಿಟ್ಟೆ. ಸಪ್ಪೆ. ಆದರೂ ಕೋಳಿ ಸಾರಿನ ಘಮ ಇತ್ತು, ಕೆಟ್ಟದ್ದೇನಲ್ಲ. "ಹೂಂ" ಅಂದೆ. ಕರಿಯ ತಟ್ಟೆ ನೆಕ್ಕಿ, ನನ್ನ ಕೈಯನ್ನೂ ನೆಕ್ಕಿದ.

ಸಂಜೆ ಮತ್ತೆ ಆಸ್ಪತ್ರೆಗೆ ಹೋದೆ. ಹೊಸ ಗಂಜಿಯೂ ಹಾಗೇ ಕೂತಿತ್ತು. ಒಂದು ಚಮಚ ಅಂಗೈಗೆ ಸುರಿದುಕೊಂಡು ಕುಡಿದೆ, ಕಣ್ಣು ಮುಚ್ಚಿ, ನಿಧಾನಕ್ಕೆ.

"ಎಂಗೈತೆ?" ಅಂದರು ಮಾವ.

"ಕರಿಯನ ಅನ್ನದಷ್ಟು ಚೆನ್ನಾಗಿಲ್ಲ. ತಿನ್ಬೋದು. ಅವನು ತಟ್ಟೆ ಖಾಲಿ ಮಾಡ್ದ."

ಮಾವ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. ಆಮೇಲೆ, ಮಗುವಿನಂತೆ, ಬಾಯಿ ತೆರೆದರು.