ಎರಡು ಹಾಕಿದರೆ ಮೂರು

ಅಂದಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಬಕೆಟ್ ಸಿಹಿನೀರು. ಅದನ್ನು ಸುರಿದವನು ಸರ್ಕಾರಿ ಸಂಶೋಧನಾಲಯದ ಮೆಕ್ಯಾನಿಕ್. ಪಾಪ, ಮೋಸ ಅವನ ಜಾಯಮಾನವಲ್ಲ.

ಅದು ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ. ನೋಡಲು ಬೀರುವಿನ ಹಾಗೆ. ವರ್ಷಗಟ್ಟಲೆ ಜನರ ತೆರಿಗೆ ದುಡ್ಡು ತಿಂದು ಬೆಳೆದಿತ್ತು. ಮೇಲಿನಿಂದ ಎಷ್ಟು ಉಪ್ಪುನೀರು ಹೊಯ್ದರೂ ಹೊಟ್ಟೆಯಲ್ಲಿಟ್ಟುಕೊಂಡು ಗೊರಗೊರ ಅನ್ನುತ್ತಿತ್ತೇ ಹೊರತು, ಕೆಳಗಿನ ತೊಟ್ಟಿಗೆ ಒಂದು ಲೋಟ ಇಳಿದರೆ ಅದೇ ದೊಡ್ಡದು. ಅಂದು ಜನರ ಪರವಾಗಿ ಲೆಕ್ಕ ಕೇಳುವ ಸಮಿತಿ ಬರುವುದಿತ್ತು. ನೀರು ಬರದಿದ್ದರೆ ಯೋಜನೆಗೆ ಬೀಗ.

ಮೆಕ್ಯಾನಿಕ್‌ಗೆ ಸಂಕಟ ಬೇರೆಯೇ ಇತ್ತು. ಅವನ ಬೀದಿಯ ಬೋರ್‌ವೆಲ್‌ನಲ್ಲಿ ಬರುವುದು ಬರೀ ಉಪ್ಪುನೀರು. ಕುಡಿಯಲು ಟ್ಯಾಂಕರೇ ಗತಿ. ಯಂತ್ರ ಸರಿಹೋದರೆ ಮೊದಲು ಬರಬೇಕಿದ್ದದ್ದು ಆ ಬೀದಿಗೇ.

"ಯಂತ್ರ ಯಾವಾಗ ರೀ ಬರೋದು? ನಮ್ಮ ದುಡ್ಡಲ್ಲಿ ತಾನೇ ಮಾಡ್ತಿರೋದು ಅಂತ ಎದುರುಮನೆ ಅಜ್ಜ ದಿನಾ ಕೇಳ್ತಾರೆ," ಎಂದು ಹೆಂಡತಿ ಬೆಳಿಗ್ಗೆ ಕೇಳಿದ್ದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದಿದ್ದ.

ಇನ್ನೊಂದಿಷ್ಟು ಕಾಲ ಸಿಕ್ಕರೆ ಯಂತ್ರ ಸರಿಹೋದೀತು. ಬೀಗ ಬಿದ್ದರೆ ಬೀದಿಗೆ ಉಪ್ಪುನೀರೇ ಶಾಶ್ವತ. ಹೀಗೆ ಸಮಾಧಾನ ಹೇಳಿಕೊಂಡು, ಯಾರೂ ಇಲ್ಲದ ಹೊತ್ತು ನೋಡಿ, ಹಿಂಬದಿಯ ಮುಚ್ಚಳ ತೆಗೆದು ಕೆಳಗಿನ ತೊಟ್ಟಿಗೆ ಒಂದು ಬಕೆಟ್ ಸಿಹಿನೀರು ಹೊಯ್ದ.

ಸ್ವಲ್ಪ ಹೊತ್ತಿಗೆ ಲೆಕ್ಕಪತ್ರ ವಿಭಾಗದ ಅಕ್ಕ ಖಾಲಿ ಬಕೆಟ್ ಹಿಡಿದು ಯಂತ್ರದ ಕೋಣೆಯಿಂದ ಹೊರಬಂದರು.

"ಗಿಡಕ್ಕೆ ನೀರು ಹಾಕ್ದೆ ಕಣಪ್ಪ," ಎಂದರು. ಆ ಕೋಣೆಯಲ್ಲಿ ಗಿಡವೇ ಇರಲಿಲ್ಲ. ಆಮೇಲೆ ಹಿರಿಯ ವಿಜ್ಞಾನಿಯೂ ಪ್ಯಾಂಟು ಮೊಣಕಾಲವರೆಗೆ ಒದ್ದೆ ಮಾಡಿಕೊಂಡು ಅಲ್ಲಿಂದಲೇ ಸರಸರ ನಡೆದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ತನ್ನ ಭಯವೇ ತನಗೆ ಹೆಚ್ಚಾಗಿದ್ದ ಮೆಕ್ಯಾನಿಕ್ ಯಾರನ್ನೂ ಏನೂ ಕೇಳಲಿಲ್ಲ.

ಸಮಿತಿ ಬಂತು. ಅಧ್ಯಕ್ಷೆ ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ತಾವೇ ನಿಂತು ಎರಡು ಬಕೆಟ್ ಉಪ್ಪುನೀರು ಹಾಕಿಸಿದರು. ಯಂತ್ರ ಗೊರಗೊರ ಅಂತು. ತೊಟ್ಟಿಯ ನಲ್ಲಿ ತಿರುಗಿಸಿದರೆ ಒಂದು ಬಕೆಟ್ ತುಂಬಿತು, ಎರಡು ತುಂಬಿತು, ಮೂರನೆಯದೂ ತುಂಬಿತು.

"ಎರಡು ಹಾಕಿದ್ರೆ ಮೂರು ಹೇಗೆ ಬಂತು?"

ಹಿರಿಯ ವಿಜ್ಞಾನಿ ಕೆಮ್ಮಿದರು. "ಗಾಳೀಲಿರೋ ತೇವಾನೂ ಹೀರ್ಕೊಳ್ಳುತ್ತೆ ಮೇಡಂ. ಅದು ನಮ್ಮ ಹೆಚ್ಚುವರಿ ಸಾಧನೆ."

ಅಧ್ಯಕ್ಷೆಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಆದರೂ ಒಂದು ಗುಟುಕು ಕುಡಿದು ನೋಡಿದರು. ಅಪ್ಪಟ ಸಿಹಿ. "ಸರಿ, ಯಂತ್ರವನ್ನ ಉಪ್ಪುನೀರಿನ ಬೀದಿಗೆ ಕಳಿಸಿ. ನಾಳೆಯಿಂದ ಅಲ್ಲಿಗೆ ಹೋಗೋ ಟ್ಯಾಂಕರ್ ನಿಲ್ಲಿಸಿ. ಒಂದೇ ಕೆಲಸಕ್ಕೆ ಜನರ ದುಡ್ಡು ಎರಡು ಸಲ ಯಾಕೆ ಖರ್ಚಾಗ್ಬೇಕು?"

ಮೆಕ್ಯಾನಿಕ್‌ನ ಕಣ್ಣ ಮುಂದೆ ತನ್ನ ಮಕ್ಕಳು, ಎದುರುಮನೆ ಅಜ್ಜ, ಇಡೀ ಬೀದಿ ಬಂತು.

"ಮೇಡಂ, ತಪ್ಪಾಯ್ತು! ತೊಟ್ಟಿಗೆ ಒಂದು ಬಕೆಟ್ ಸಿಹಿನೀರು ನಾನೇ ಹಾಕಿದ್ದೆ. ಯಂತ್ರ ಕೆಲಸ ಮಾಡಲ್ಲ ಮೇಡಂ. ದಮ್ಮಯ್ಯ, ಟ್ಯಾಂಕರ್ ನಿಲ್ಲಿಸ್ಬೇಡಿ!"

ಅಧ್ಯಕ್ಷೆ ಎಲ್ಲರನ್ನೂ ದಿಟ್ಟಿಸಿದರು. "ಬೇರೆ ಯಾರಾದ್ರೂ ಹಾಕಿದೀರಾ?"

ಅಕ್ಕ ಫ್ಯಾನು ನೋಡಿದರು. ಹಿರಿಯ ವಿಜ್ಞಾನಿ, "ಛೆ ಛೆ, ಎಲ್ಲಾದರೂ ಉಂಟೇ?" ಎಂದರು.

ಅಧ್ಯಕ್ಷೆ ಬೆರಳು ಮಡಿಸಿದರು. "ಬಂದದ್ದು ಮೂರು. ನೀವು ಹಾಕಿದ್ದು ಒಂದು ಕಳೆದ್ರೆ ಎರಡು. ಯಂತ್ರಕ್ಕೆ ಹಾಕಿದ್ದೂ ಎರಡೇ. ಒಂದು ಹನಿನೂ ನಷ್ಟ ಇಲ್ಲ! ಆ ಗಾಳಿ ತೇವದ ಮಾತು ನಂಗೂ ಅನುಮಾನವಾಗಿತ್ತು. ಈಗ ಲೆಕ್ಕ ಸರಿಹೋಯ್ತು ನೋಡಿ."

"ಅಯ್ಯೋ ಮೇಡಂ, ಬಿಚ್ಚಿ ನೋಡಿ, ಉಪ್ಪುನೀರು ಒಳಗೇ ಇದೆ!"

"ಬಿಚ್ಚಿದ್ರೆ ಒಳಗೆ ಉಪ್ಪು ಸೋಸೋ ಪೊರೆ ಹರಿದೋಗುತ್ತೆ," ಎಂದರು ಹಿರಿಯ ವಿಜ್ಞಾನಿ.

"ಬೇಡ ಬೇಡ, ಅದು ಜನರ ಆಸ್ತಿ," ಎಂದ ಅಧ್ಯಕ್ಷೆ ಮೆಕ್ಯಾನಿಕ್ ಕಡೆ ತಿರುಗಿದರು. "ನಿಮ್ಮಂಥ ಪ್ರಾಮಾಣಿಕರು ಸಿಗೋದೇ ಅಪರೂಪ. ಆ ಬೀದೀಲಿ ಯಂತ್ರದ ಹೊಣೆ ಇನ್ನು ನಿಮ್ಮದೇ. ಜನಕ್ಕೆ ನೀವೇ ಉತ್ತರ ಕೊಡ್ಬೇಕು."

ಅವರೆಲ್ಲ ಹೋದ ಮೇಲೆ ಅಕ್ಕ ಹತ್ತಿರ ಬಂದು, "ನಂಗೆ ನಿವೃತ್ತಿ ಹತ್ರ ಬಂದಿದೆ ಕಣಪ್ಪ, ಬೈಕೋಬೇಡ," ಎಂದು ಕಣ್ಣೊರೆಸಿಕೊಂಡರು.

ಅವನು ಮನೆ ಸೇರುವಷ್ಟರಲ್ಲಿ ಸುದ್ದಿ ಬೀದಿಗೆ ಮುಟ್ಟಿಯಾಗಿತ್ತು. ಜಗಲಿಗಳೆಲ್ಲ ತೊಳೆದು ಫಳಫಳ ಅನ್ನುತ್ತಿದ್ದವು. ಮಕ್ಕಳ ತಲೆಗೂದಲು ಇನ್ನೂ ಒದ್ದೆಯಿತ್ತು. ಎದುರುಮನೆ ಅಜ್ಜ ಓಡಿಬಂದು ತಬ್ಬಿಕೊಂಡರು.

"ಕೊನೆಗೂ ನಮ್ಮ ದುಡ್ಡಿಗೆ ಲೆಕ್ಕ ಕೊಟ್ಟೆ ಕಣೋ!"

ಅವನ ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಒಳಗೆ ಹೋಗಿ ಕುಸಿದು ಕೂತ.

"ಎಲ್ಲಾ ಆಮೇಲೆ ಹೇಳ್ತೀನಿ. ಮೊದ್ಲು ಒಂದು ಲೋಟ ನೀರು ಕೊಡೆ."

ಹೆಂಡತಿ ನಕ್ಕಳು. ಇಷ್ಟು ಸಂತೋಷವಾಗಿ ಅವಳು ನಕ್ಕು ಎಷ್ಟೋ ಕಾಲವಾಗಿತ್ತು.

"ನೀರೆಲ್ಲಿದೆ ರೀ? ನಾಳೆಯಿಂದ ಬೇಕಾದಷ್ಟು ಬರುತ್ತಲ್ಲ ಅಂತ ಇಡೀ ಬೀದಿಯವರು ಡ್ರಮ್ಮೆಲ್ಲ ಖಾಲಿ ಮಾಡಿ ಮನೆ ತೊಳೆದ್ವಿ. ಅದಿರ್ಲಿ, ಬೆಳಿಗ್ಗೆ ಎಷ್ಟೊತ್ತಿಗೆ ನೀರು ಬಿಡ್ತೀರಾ? ಎಲ್ರೂ ಕೇಳ್ತಿದಾರೆ."