ಬಾಯಿಗೆ ಬಿಸಿಲು

ನನ್ನ ಮೈಯಲ್ಲಿ ನನ್ನ ಮಾತು ಕೇಳುವ ಅಂಗ ಯಾವುದೂ ಇಲ್ಲ. ಪೇಪರ್ ಹಿಡಿದರೆ ಕಣ್ಣು ಮುಚ್ಚುತ್ತದೆ, ಮೀಟಿಂಗಿನಲ್ಲಿ ಹೊಟ್ಟೆ ಗುಡುಗುತ್ತದೆ. ಆದರೂ ಕೆಳದವಡೆಯ ಈ ಹಲ್ಲಿನಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಹಾಸನದಲ್ಲಿ ರೂಟ್ ಕೆನಾಲ್ ಮಾಡಿಸಿ ತಿಂಗಳುಗಳು ಕಳೆದರೂ ಅದರ ಬೇರಿನ ತುದಿಯ ಮೂಳೆ ತುಂಬಿಕೊಳ್ಳಲೇ ಇಲ್ಲ. ಡಾಕ್ಟರಮ್ಮ ರಕ್ತಪರೀಕ್ಷೆ ಮಾಡಿಸಿದರು. ವಿಟಮಿನ್ ಡಿ ಪಾತಾಳದಲ್ಲಿತ್ತು. ವಾರಕ್ಕೊಮ್ಮೆ ಹಾಲಿನಲ್ಲಿ ಬೆರೆಸಿ ಕುಡಿಯಲು ಪುಡಿ ಬರೆದುಕೊಟ್ಟು, ಸ್ವಲ್ಪ ಬಿಸಿಲಿಗೂ ಹೋಗಿ ಎಂದರು. ಮೂಳೆ ಕೂಡದಿದ್ದರೆ ಹಲ್ಲು ಕೀಳಬೇಕಾದೀತು ಎಂದೂ ಸೇರಿಸಿದರು. ಬೇಸಿಗೆಗೆ ಚನ್ನರಾಯಪಟ್ಟಣದಲ್ಲಿ ನಾದಿನಿಯ ಮಗಳ ಮದುವೆ. ಆ ಮದುವೆಗೆ ನಾನು ಅಷ್ಟೇನೂ ಬೇಕಾದವನಲ್ಲ, ಆದರೆ ಬೀಗರೂಟದ ಮಟನ್ ಮೂಳೆ ನನಗೆ ಬೇಕೇ ಬೇಕು.

ಆಗ ಹೊಳೆನರಸೀಪುರದಿಂದ ನಮ್ಮತ್ತೆ ಬಂದಿಳಿದರು. ನಾನು ತಾರಸಿಯ ಮೇಲೆ ಬನಿಯನ್ನಿನಲ್ಲಿ ಬೆನ್ನು ಕಾಯಿಸುತ್ತಿದ್ದುದನ್ನು ನೋಡಿ ಅವರಿಗೆ ಕನಿಕರ ಬಂತು.

“ಬಿಸ್ಲು ಬೆನ್ನಿಗ್ ಬಿದ್ರೆ ಏನ್ ಬಂತು, ಅಳಿಯಂದ್ರೆ? ನೋವಿರಾದು ವಸಡ್ನಾಗೆ. ಬಾಯ್ ಬುಟ್ಕಂಡು ಮನಿಕ್ಕಳಿ.”

ನಾನು ಬಿ.ಎಸ್ಸಿ. ಓದಿದವನು. ಆದರೂ ಅವರ ವಾದದಲ್ಲಿ ತಪ್ಪು ಹುಡುಕಲಾಗದೆ, ಸಂಡಿಗೆಯ ಪಕ್ಕದಲ್ಲಿ ಚಾಪೆ ಹಾಸಿ, ಬಾಯಿ ತೆರೆದು ಮಲಗಿದೆ. ಎಷ್ಟು ಹೊತ್ತಾದರೂ ಮುಚ್ಚಕೂಡದು ಎಂದು ಅವರ ಆಜ್ಞೆ.

ಪಕ್ಕದ ತಾರಸಿಗೆ ಅರಕಲಗೂಡಿನ ನಿವೃತ್ತ ಕಂಡಕ್ಟರ್ ಬಟ್ಟೆ ಒಣಹಾಕಲು ಬಂದರು. ಉಸಿರಾಡ್ತಾ ಇದ್ದೀರಾ ಎಂದು ವಿಚಾರಿಸಿದರು. ಆಜ್ಞೆ ಮೀರದೆ “ಆ” ಎಂದೆ. ಹೆಂಡತಿ ಹೇಗಿದ್ದಾರೆ ಎಂದರು. ಅದಕ್ಕೂ “ಆ” ಎಂದೆ. ಅವರು ದಡದಡನೆ ಇಳಿದು ನಮ್ಮ ಅಡುಗೆಮನೆಗೇ ಬಂದು, “ಅಕ್ಕಾ, ಸಾರ್‌ಗೆ ಬಾಯ್ ಬಿದ್ದೋಗದೆ” ಎಂದರಂತೆ.

ಚಪಾತಿ ಲಟ್ಟಿಸುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ, “ಅಂಥಾ ಪುಣ್ಯ ನಮಗೆಲ್ಲಿ ಬಂತು, ಬುಡಿ” ಎಂದಳಂತೆ.

ಪುಡಿಯನ್ನು ಮಾತ್ರ ತಪ್ಪದೆ ಕುಡಿದೆ. ಬೇಸಿಗೆಯ ಎಕ್ಸ್‌ರೇಯಲ್ಲಿ ಮೂಳೆ ತುಂಬಿಕೊಳ್ಳತೊಡಗಿತ್ತು. ಪುಡಿಯಿಂದ ಸಹಾಯವಾಗಿರಬಹುದು, ಕಾಲವೂ ಬೇಕಿತ್ತು ಎಂದು ಡಾಕ್ಟರಮ್ಮ ಹುಷಾರಾಗಿ ಮಾತಾಡಿದರು. ಅತ್ತೆಗೆ ಅಂಥ ಅನುಮಾನವೇನೂ ಇರಲಿಲ್ಲ. ಬೀಗರೂಟದ ದಿನ ಎಲೆಯ ಮುಂದೆ ಕೂರಲು ಹೊರಟವನನ್ನು ಕೈಹಿಡಿದು ನೆಂಟರ ನಡುವೆ ನಿಲ್ಲಿಸಿದರು.

“ಅಳಿಯಂದ್ರೆ, ವಸಿ ಬಾಯ್ ಬುಡಿ, ನೋಡ್ಲಿ.”

ಬಿಟ್ಟೆ. ಒಬ್ಬೊಬ್ಬರೇ ಬಗ್ಗಿ, ಮೊಬೈಲಿನ ಟಾರ್ಚ್ ಹಾಕಿ ನೋಡಿ, ತಮ್ಮ ತಮ್ಮ ಹಲ್ಲಿನ ಕಥೆ ಹೇಳಿ ಹೋದರು. ಕೊನೆಯವರು ಹೋಗುವ ಹೊತ್ತಿಗೆ ಪಾತ್ರೆಯಲ್ಲಿ ಬರೀ ಸಾರು ಉಳಿದಿತ್ತು. ಅಂದು ಆ ಛತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಬಾಯಿ ತೆರೆದವನು ನಾನು. ಒಂದು ಚೂರು ಮೂಳೆಯೂ ಒಳಗೆ ಹೋಗದವನೂ ನಾನೇ.